ಓಡಾಡುವ ತಲೆ

ಜನವರಿ 14

ಗೂಬೆಗೆ,

ಕೈಬರಹದ ಕಾಗದ ಬಂದಿದೆಯೆಂದು ಗಾಬರಿ ಬೀಳಬೇಡ, ಯಾರೂ ಸತ್ತಿಲ್ಲ. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ, "ವಾರಕ್ಕೊಂದು ಪುಟ ಕೈಯಲ್ಲೇ ಬರೀರಿ ಮೇಡಂ. ಸುಮ್ನೆ ಗೀಚಿದ್ರೆ ಎರಡೇ ದಿನಕ್ಕೆ ಬೇಜಾರಾಗತ್ತೆ, ಯಾರಿಗಾದ್ರೂ ಕಾಗದ ಬರೀರಿ" ಎಂದಳು. ಯಾರಿಗೆಂದು ಯೋಚಿಸಿದೆ. ನಿನ್ನ ಭಾವ ಎದುರಿಗೇ ಕೂತು ಬೀಗ ರಿಪೇರಿ ಮಾಡುತ್ತಿರುತ್ತಾರೆ, ಅವರಿಗೆ ಬರೆದರೆ ನನಗೆ ತಲೆ ಕೆಟ್ಟಿದೆ ಅಂದುಕೊಂಡಾರು. ನೀನಾದರೋ ಫೋನಿನಲ್ಲಿ ಹೂಂ, ಹಾಂ ಬಿಟ್ಟು ಮೂರನೆಯ ಮಾತಾಡಿದವನಲ್ಲ. ಹಾಗಾಗಿ ನನ್ನ ಕೈಗೆ ನೀನೇ ಗತಿ. ಷರತ್ತು ಒಂದೇ, ನೀನೂ ಕೈಯಲ್ಲೇ ಬರೆಯಬೇಕು. ಅಂಚೆ ವಿಂಗಡಣೆ ಕಚೇರಿಯಲ್ಲಿ ಬೇರೆ ಯಾರಿಗೂ ಓದಲಾಗದ ವಿಳಾಸಗಳನ್ನು ಓದುವುದೇ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ನಿನ್ನ ಕಾಗೆ ಕಾಲು, ಗುಬ್ಬಿ ಕಾಲು ನನಗೆ ಲೆಕ್ಕಕ್ಕಿಲ್ಲ.

ಮಂಗಳವಾರ, ನಾನು ತಿನ್ನುವ ಹೊಸ ಮಾತ್ರೆಯನ್ನು ಪರೀಕ್ಷಿಸುವ ನಿಮ್ಮ ಅಧ್ಯಯನದ ನಾಲ್ಕನೆಯ ಸ್ಕ್ಯಾನ್ ಆಯಿತು. ನರದ ಡಾಕ್ಟರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನಿಮ್ಮ ಮೈಲಿನ್ ಸಂಖ್ಯೆ ಒಂಬತ್ತು ಪಾಯಿಂಟ್ ಎಂಟು. ಒಂದೂವರೆ ವರ್ಷದ ಹಿಂದೆ ಶುರು ಮಾಡಿದಾಗ್ಲೂ ಅಷ್ಟೇ ಇತ್ತು. ಸ್ವಲ್ಪಾನೂ ಇಳಿದಿಲ್ಲ. ಖುಷಿ ಪಡಿ" ಎಂದರು. ಖುಷಿ ಪಡಲು ನೋಡಿದೆ. ಆದರೆ ಎಡಗಾಲು ಮಾತು ಕೇಳುತ್ತಿಲ್ಲ. ಚಪ್ಪಲಿ ಕಳಚಿ ಬಿದ್ದರೆ ಹತ್ತು ಹೆಜ್ಜೆ ಆದ ಮೇಲೆ ಯಾರಾದರೂ ಕೂಗಿ ಹೇಳಬೇಕು. ಬೇಸಿಗೆಯಲ್ಲಿ ಇಷ್ಟಿರಲಿಲ್ಲ.

ಆ ದೊಡ್ಡ ಮದ್ದು ಕೊಡಿ, ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾರಲ್ಲ, ಅದನ್ನು, ಎಂದು ಕೇಳಿದೆ. ಅದರಲ್ಲಿ ಸೋಂಕಿನ ಅಪಾಯ ಜಾಸ್ತಿಯಂತೆ, ಸಂಖ್ಯೆ ಚೆನ್ನಾಗಿರುವಾಗ ಯಾಕೆ, ಇಳಿದರೆ ನೋಡೋಣ ಎಂದರು. ಹೋದ ನರ ವಾಪಸ್ಸು ಬರುವುದಿಲ್ಲ ಅನ್ನುವುದನ್ನೂ ಹಿಂದೊಮ್ಮೆ ಅವರೇ ಹೇಳಿದ್ದು. ನೀನು ಸ್ಕ್ಯಾನ್ ಯಂತ್ರ ನಡೆಸುವವನು, ಅದರ ಜೊತೆಯಲ್ಲೇ ಬಾಳುವವನು, ಹೇಳು. ಸಂಖ್ಯೆ ನಿಜವಾಗಿದ್ದು ಕಾಲು ಸುಳ್ಳು ಹೇಳುವುದುಂಟೇ?

ಕೈ ಸೋತಿತು. ಈ ಒಂದು ಪುಟಕ್ಕೆ ಮೂರು ದಿನ ಹಿಡಿಯಿತು.

ನಿನ್ನ ಅಕ್ಕ

ಜನವರಿ 29

ಅಕ್ಕ,

ಕಾಗದ ಬಂತು. ನಾನು ಪೆನ್ನು ಹಿಡಿದು ವರ್ಷಗಳಾದವು, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಸಹಿಸಿಕೋ.

ಕೇಳಿದ್ದೀಯಲ್ಲ, ಹೇಳುತ್ತೇನೆ. ತಂತಿಯ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ ನರದ ಎಳೆಗಳ ಮೇಲೆ ಮೈಲಿನ್ ಎಂಬ ಹೊದಿಕೆ ಪದರಪದರವಾಗಿ ಸುತ್ತಿಕೊಂಡಿರುತ್ತದೆ. ನಿನ್ನ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹವೇ ಅದನ್ನು ಕಿತ್ತು ಹಾಕುತ್ತದೆ. ಮಾಮೂಲಿ ಎಂಆರ್‌ಐ ತೆಗೆದರೆ ಅಲ್ಲಲ್ಲಿ ಬಿಳಿ ಕಲೆ ಕಾಣುತ್ತದೆಯೇ ಹೊರತು ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ತಿಳಿಯುವುದಿಲ್ಲ. ನಮ್ಮದು ಚಿತ್ರವಲ್ಲ, ಅಳತೆ. ಆ ಪದರಗಳ ನಡುವೆ ಸ್ವಲ್ಪ ನೀರು ಸಿಕ್ಕಿಕೊಂಡಿರುತ್ತದೆ. ಯಂತ್ರ ಕೂಗಿದಾಗ ಮಿದುಳಿನ ನೀರೆಲ್ಲ ಓಗೊಡುತ್ತದೆ, ಸಿಕ್ಕಿಕೊಂಡ ನೀರಿನ ದನಿ ಬೇಗ ಆರುತ್ತದೆ, ಬಿಡುವಾಗಿರುವ ನೀರಿನದು ನಿಧಾನವಾಗಿ ಆರುತ್ತದೆ. ಎರಡನ್ನೂ ಬೇರೆ ಮಾಡಿ, ನೂರರಲ್ಲಿ ಎಷ್ಟು ಪಾಲು ಸಿಕ್ಕಿಕೊಂಡ ನೀರು ಎಂದು ಲೆಕ್ಕ ಹಾಕುತ್ತೇವೆ. ನಿನ್ನದು 9.8. ಹೊದಿಕೆ ಹೋದರೆ ಆ ಸಂಖ್ಯೆ ಇಳಿಯಲೇಬೇಕು.

ನಾಲ್ಕು ಊರಿನ ನಾಲ್ಕು ಯಂತ್ರಗಳು ಒಂದೇ ಅಳತೆ ಕೊಡುತ್ತಿವೆಯೇ ಎಂದು ನೋಡಬೇಕಲ್ಲ, ಅದಕ್ಕೆ ಆರೋಗ್ಯವಂತರು ಪ್ರತಿ ತಿಂಗಳೂ ನಾಲ್ಕೂ ಕಡೆ ಹೋಗಿ ಮಲಗಿ ಬರಬೇಕು. ಮೊದಲು ಮೂವರಿದ್ದೆವು. ನರ್ಸ್ ಬಸುರಿಯಾದಳು, ವಾಚ್‌ಮನ್ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ, ಉಳಿದವನು ನಾನೊಬ್ಬ. ಕಡತದಲ್ಲಿ ನನಗೆ ಹೆಸರೂ ಇಲ್ಲ, 'ಓಡಾಡುವ ತಲೆ' ಎಂದು ಬರೆದಿದ್ದಾರೆ. ಜೆಲ್ಲಿ ತುಂಬಿದ ಒಂದು ಸೀಸೆಯನ್ನೂ ಅಳೆಯುತ್ತೇವೆ, ಆದರೆ ಜೆಲ್ಲಿಯಲ್ಲಿ ಮೈಲಿನ್ ಇಲ್ಲ, ಅದನ್ನು ನೆಚ್ಚಿಕೊಳ್ಳುವಂತಿಲ್ಲ ಎನ್ನುತ್ತಾರೆ ನಮ್ಮ ಲೆಕ್ಕದ ಮೇಷ್ಟ್ರು. ಅವರು ಭೌತಶಾಸ್ತ್ರದವರು, ಸಂಖ್ಯೆಗಳೆಲ್ಲ ಅವರ ಕೈಯಲ್ಲೇ.

ಹೋದ ವರ್ಷದ ಶುರುವಿನಲ್ಲಿ ನಾಲ್ಕೂ ಯಂತ್ರಗಳಿಗೆ ಹೊಸ ಸಾಫ್ಟ್‌ವೇರ್ ಬಂತು. ಆಮೇಲಿಂದ ಯಂತ್ರಗಳು ಕಡಿಮೆ ತೋರಿಸತೊಡಗಿವೆ. ನನ್ನ ತಲೆ 11.6 ಇದ್ದದ್ದು ಈಗ 10.2 ಬರುತ್ತಿದೆ, ನಾಲ್ಕೂ ಕಡೆ. ಯಂತ್ರ ನೂರಕ್ಕೆ ಎಷ್ಟು ಪಾಲು ಇಳಿಸುತ್ತದೋ ಅದೇ ಪ್ರಮಾಣದಲ್ಲಿ ಮೇಷ್ಟ್ರು ಎಲ್ಲ ರೋಗಿಗಳ ಸಂಖ್ಯೆಯನ್ನೂ ಮೇಲಕ್ಕೆತ್ತುತ್ತಾರೆ. ಅಷ್ಟು ಜೋಪಾನವಾಗಿ ನೋಡಿಕೊಂಡ ಸಂಖ್ಯೆ ನಿನ್ನದು. ಅದನ್ನು ನಂಬು. ಕಾಲಿನದು ಸುಸ್ತು ಇರಬೇಕು. ಮೂರು ಮಹಡಿ ಹತ್ತಿ ಇಳಿಯುತ್ತೀಯ, ಮನೆಯಲ್ಲೂ ಕೂರುವವಳಲ್ಲ. ಸ್ವಲ್ಪ ಸೋಮಾರಿಯಾಗು.

ನನಗೂ ಸುಸ್ತೇ. ಈ ಬಸ್ಸುಗಳ ಸೀಟಿನಲ್ಲಿ ಕೂತು ಕೂತು ಬಲಗೈಯ ಎರಡು ಬೆರಳು ಜೋಮು ಹಿಡಿದಿವೆ, ಬಿಡುತ್ತಲೇ ಇಲ್ಲ.

ತಮ್ಮ

ಫೆಬ್ರವರಿ 11

ಗೂಬೆಗೆ,

ಸೋಮಾರಿಯಾಗು ಅಂದೆಯಲ್ಲ, ಅದೊಂದು ಪದ ನನ್ನನ್ನು ಒಂದು ವಾರ ತಿಂದಿತು. ಯಾರು ಬೇಕಾದರೂ ಹಾಗೆ ಅನ್ನಲಿ, ನೀನು ಅನ್ನಬಾರದಿತ್ತು. ನಿನ್ನ ಭಾವನಿಗೆ ಓದಿ ಹೇಳಿದೆ. "ಸಂಖ್ಯೆ ಸರಿಯಾಗಿದೆ ಅಂದ್ಮೇಲೆ ಕಾಲೂ ಸರಿಯಾಗಿರ್ಬೇಕಲ್ವೇನೇ" ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವರ ಕೈಯಲ್ಲಿದ್ದ ಬೀಗ ಕಿತ್ತು ಬಚ್ಚಲಿಗೆ ಎಸೆಯಬೇಕು ಅನ್ನಿಸಿತು.

ಇನ್ನೊಂದು ವಿಷಯ. ತಿಂಗಳಿಗೊಮ್ಮೆ ನಾಲ್ಕೂ ಊರಿಗೆ ಹೋಗುತ್ತೇನೆ ಅಂದೆ. ಆ ನಾಲ್ಕರಲ್ಲಿ ಒಂದು ನಮ್ಮೂರು. ಆಸ್ಪತ್ರೆಯಿಂದ ನಮ್ಮ ಮನೆಗೆ ನಡೆದರೆ ಇಪ್ಪತ್ತು ನಿಮಿಷ, ನನ್ನ ನಡಿಗೆಯಲ್ಲಿ ನಲವತ್ತು. ನೀನು ಬಂದು ಆ ಕೊಳವೆಯೊಳಗೆ ಮಲಗಿ ಎದ್ದು ಬಸ್ಸು ಹತ್ತುತ್ತೀಯ, ಬಾಗಿಲು ತಟ್ಟುವುದಿಲ್ಲ. ಯಾಕೆಂದು ಕೇಳುವುದಿಲ್ಲ. ಗೊತ್ತಾಗಿದೆ ಎಂದು ತಿಳಿಸಿದೆ, ಅಷ್ಟೇ.

ಈಗ ನೀನು ಬರೆದ ಯಂತ್ರಪುರಾಣ. ಎರಡು ಸಲ ಓದಿದೆ. ನನಗೆ ಅರ್ಥವಾಗದ್ದು ಒಂದೇ. ನಾಲ್ಕು ಊರಿನ ನಾಲ್ಕು ಯಂತ್ರಗಳು ಒಂದೇ ಸಮನೆ, ಒಂದೇ ಅಳತೆಯಲ್ಲಿ ಕೆಡುತ್ತವೆಯೇ? ನಮ್ಮಲ್ಲಿ ಒಂದು ವಿಳಾಸ ಒಬ್ಬ ಗುಮಾಸ್ತನಿಗೆ ಓದಲಾಗದಿದ್ದರೆ ಅವನ ಕನ್ನಡಕ ಒರೆಸು ಅನ್ನುತ್ತೇವೆ. ನಾಲ್ಕು ಜನಕ್ಕೂ ಓದಲಾಗದಿದ್ದರೆ ನಾಲ್ವರನ್ನೂ ಕಣ್ಣಿನ ಡಾಕ್ಟರ ಹತ್ತಿರ ಓಡಿಸುವುದಿಲ್ಲ, ಲಕೋಟೆಯನ್ನು ನನ್ನ ಮೇಜಿಗೆ ಕಳಿಸುತ್ತಾರೆ. ನಿಮ್ಮ ನಾಲ್ಕು ಯಂತ್ರಗಳೂ ಓದಿದ್ದು ಒಂದೇ ಲಕೋಟೆ ತಾನೇ? ಅದನ್ನು ಯಾರಾದರೂ ಬಿಚ್ಚಿ ನೋಡಿದ್ದಾರೆಯೇ?

ನಾನು ಓದಿದವಳಲ್ಲ, ಮೇಷ್ಟ್ರು ಓದಿದವರು, ನಗಲಿ. ಆದರೆ ಕೈಬರಹದ ವಿಚಾರದಲ್ಲಿ ನನ್ನ ಮುಂದೆ ಯಾವ ಮೇಷ್ಟ್ರೂ ಬರಬೇಕಿಲ್ಲ. ನಿನ್ನ ಕಾಗದದಲ್ಲಿ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗಿಳಿದಿದೆ. ಒತ್ತಕ್ಷರಗಳು ತಮ್ಮ ಅಕ್ಷರ ಬಿಟ್ಟು ಪಕ್ಕದ ಅಕ್ಷರದ ಕೆಳಗೆ ಬಿದ್ದಿವೆ. ಬಸ್ಸಿನಲ್ಲಿ ಬರೆದ ಕೈ ನನಗೆ ಗೊತ್ತು, ಅದು ಕುಲುಕುತ್ತದೆ, ಹೀಗೆ ಜಾರುವುದಿಲ್ಲ. ಮುದುಕರ ಕೈ ಗೊತ್ತು, ಕುಡುಕರ ಕೈ ಗೊತ್ತು. ನಿನ್ನದು ಅವು ಯಾವುವೂ ಅಲ್ಲ. ನನ್ನ ಕೈಯ ಹಾಗಿದೆ.

ಬೇಗ ಬರೆ. ಬೈದರೂ ಸರಿ.

ಅಕ್ಕ

ಮಾರ್ಚ್ 6

ಅಕ್ಕ,

ತಡವಾಯಿತು, ಕೆಲಸ ಹೆಚ್ಚು. ನಾಲ್ಕೂ ಯಂತ್ರಗಳಿಗೆ ಒಂದೇ ಸಾಫ್ಟ್‌ವೇರ್ ಎಂದು ಬರೆದಿದ್ದೆನಲ್ಲ, ಅದಕ್ಕೇ ನಾಲ್ಕೂ ಒಟ್ಟಿಗೆ ಇಳಿದಿವೆ. ಅಂಚೆ ಕಚೇರಿಯ ನ್ಯಾಯ ಇಲ್ಲಿಗೆ ಹೊಂದುವುದಿಲ್ಲ. ಕೈಬರಹದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಆ ದೊಡ್ಡ ಮದ್ದಿನ ವಿಷಯ ಡಾಕ್ಟರನ್ನು ಇನ್ನೊಮ್ಮೆ ಕೇಳು. ಬಲವಾಗಿ ಕೇಳು. ಸಂಖ್ಯೆಯ ಮಾತು ಎತ್ತಲೇ ಬೇಡ. ಕಾಲಿನ ಮಾತು ಮಾತ್ರ ಆಡು, ಅವರ ಮುಂದೆ ನಡೆದು ತೋರಿಸು. ಇಲ್ಲ ಎಂದರೆ ಬೇರೆ ಡಾಕ್ಟರ ಹತ್ತಿರ ಹೋಗು. ತಡ ಮಾಡಬೇಡ.

ತಮ್ಮ

ಮಾರ್ಚ್ 19

ತಮ್ಮನಿಗೆ,

ಕೇಳಿದೆ. ನಡೆದೂ ತೋರಿಸಿದೆ. ಡಾಕ್ಟರು ಒಳ್ಳೆಯವರೇ, ತಾಳ್ಮೆಯಿಂದ ನೋಡಿದರು, ನಾಲ್ಕು ಸ್ಕ್ಯಾನಿನ ಸಂಖ್ಯೆಗಳನ್ನು ಜೋಡಿಸಿ ಎಳೆದ ಗೆರೆ ತೋರಿಸಿದರು. "ನೋಡಿ, ಗೆರೆ ಹೇಗೆ ನೆಟ್ಟಗೆ ಮಲಗಿದೆ. ಕಾಯಿಲೆ ಇರೋರಿಗೆ ಹೆದರಿಕೆಯಿಂದಾನೂ ಹೆಜ್ಜೆ ತಪ್ಪತ್ತೆ ಅಮ್ಮ" ಎಂದು ಮನಸ್ಸಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಬೇರೆ ಡಾಕ್ಟರ ಹತ್ತಿರವೂ ಹೋದೆ. ಅವರು ಇವರಿಗೆ ಫೋನ್ ಮಾಡಿ, ಅದೇ ಗೆರೆ ತರಿಸಿಕೊಂಡು, ಅದೇ ಮಾತು ಹೇಳಿದರು.

ಹೋದ ಗುರುವಾರ ಕಚೇರಿಯ ಮೆಟ್ಟಿಲಲ್ಲಿ ಬಿದ್ದೆ. ಎರಡನೆಯ ಮಹಡಿಯಿಂದ ತಿರುವಿನವರೆಗೆ. ಮೊಣಕೈ ಬಾತಿದೆ, ಮೂಳೆ ಮುರಿದಿಲ್ಲ. ಟ್ರೇಯಲ್ಲಿದ್ದ ಕಾಗದಗಳೆಲ್ಲ ಚೆಲ್ಲಿ ಹೋದವು, ನೋವಿಗಿಂತ ಮೊದಲು ಅವನ್ನೇ ಆರಿಸಿಕೊಂಡೆ. ಕೆಳಗಡೆ ಒಂದು ಮೇಜು ಕೊಡಿ ಎಂದು ದೊಡ್ಡ ಗುಮಾಸ್ತರನ್ನು ಕೇಳಿದರೆ ಡಾಕ್ಟರ ಪತ್ರ ತನ್ನಿ ಎಂದರು. ತಂದುಕೊಟ್ಟೆ. ಅದರಲ್ಲಿ 'ಕಾಯಿಲೆ ಸ್ಥಿರವಾಗಿದೆ' ಎಂದಿದೆ. ಅವರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕಾಗದದಲ್ಲಿ ನೀವು ನಮಗಿಂತ ಚೆನ್ನಾಗಿದ್ದೀರಲ್ಲ" ಎಂದರು. ಪಕ್ಕದವರು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಈಗ ನನಗೇ ನನ್ನ ಮೇಲೆ ಅನುಮಾನ. ಬೆಳಿಗ್ಗೆ ಏಳುವಾಗ ಕಾಲು ನಿಜವಾಗಿ ಎಳೆಯುತ್ತಿದೆಯೋ ನಾನೇ ಎಳೆಯುತ್ತಿದ್ದೇನೋ ತಿಳಿಯುವುದಿಲ್ಲ. ಕಾಯಿಲೆ ಬಂದಾಗಲೂ ಇಷ್ಟು ಸೋತಿರಲಿಲ್ಲ.

ಜನವರಿಯಲ್ಲಿ ಸಂಖ್ಯೆಯನ್ನು ನಂಬು, ಸೋಮಾರಿಯಾಗು ಎಂದು ಬರೆದೆ. ಮಾರ್ಚಿನಲ್ಲಿ ಸಂಖ್ಯೆಯ ಮಾತು ಎತ್ತಬೇಡ, ತಡ ಮಾಡಬೇಡ ಎಂದು ಬರೆದೆ. ನಡುವೆ ಏನಾಯಿತು?

ಅಕ್ಕ

ಏಪ್ರಿಲ್ 20

ಅಕ್ಕ,

ಇದನ್ನು ಐದು ಸಲ ಬರೆದು ಹರಿದಿದ್ದೇನೆ. ಈ ಸಲ ಹೇಗಿದ್ದರೂ ಕಳಿಸುತ್ತೇನೆ.

ನಿನ್ನ ಲಕೋಟೆಯ ಮಾತು ಓದಿ ಮೊದಲು ನಕ್ಕೆ. ಆಮೇಲೆ ಅದು ಬಿಡಲಿಲ್ಲ. ಮಾರ್ಚ್ ನಾಲ್ಕರಂದು ಊಟದ ಹೊತ್ತು, ಮೇಷ್ಟ್ರು ಹೊರಗೆ ಹೋಗಿದ್ದರು. ಸೀಸೆಯ ಹಳೆಯ ಅಳತೆಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎರಡು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ಸಾಫ್ಟ್‌ವೇರ್ ಬರುವ ಮೊದಲೂ ಅಷ್ಟೇ, ಬಂದ ಮೇಲೂ ಅಷ್ಟೇ. ಯಂತ್ರಗಳು ನೆಟ್ಟಗಿದ್ದವು.

ನನ್ನ ತಲೆಯನ್ನು ಹದಿನೆಂಟು ತಿಂಗಳಲ್ಲಿ ಎಪ್ಪತ್ತೆರಡು ಸಲ ಸ್ಕ್ಯಾನ್ ಮಾಡಿದ್ದಾರೆ. ಅಷ್ಟರಲ್ಲಿ ಒಂದನ್ನಾದರೂ ಯಾರೂ ಚಿತ್ರವೆಂದು ನೋಡಿರಲಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಕಂಪ್ಯೂಟರ್ ಒಂದು ಚೌಕ ಹಾಕುತ್ತದೆ, ಒಳಗಿನ ಸರಾಸರಿ ಹೇಳುತ್ತದೆ, ನಾನು ಬರೆದುಕೊಳ್ಳುತ್ತೇನೆ, ಮುಗಿಯಿತು. ರೋಗಿಗಳ ಚಿತ್ರ ನೋಡಲು ಡಾಕ್ಟರಿದ್ದಾರೆ, ಅಳತೆಗೋಲಿನ ಚಿತ್ರವನ್ನು ಯಾರು ನೋಡುತ್ತಾರೆ. ಆ ದಿನ ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ಚಿತ್ರ ತೆರೆದೆ. ಹನ್ನೆರಡು ವರ್ಷದಿಂದ ಇಂಥವನ್ನು ನೋಡುತ್ತಿದ್ದೇನೆ, ಯಾರೂ ಹೇಳಿಕೊಡಬೇಕಿರಲಿಲ್ಲ. ಏಳು ಬಿಳಿ ಕಲೆಗಳು. ಒಂದು ಸರಿಯಾಗಿ ಆ ಚೌಕದೊಳಗೇ ಕೂತಿದೆ.

ನಿನಗಿರುವುದೇ ನನಗೂ ಇದೆ, ಅಕ್ಕ. ಯಂತ್ರ ನಿಜವನ್ನೇ ಹೇಳುತ್ತಿತ್ತು. ನನ್ನ ಮೈಲಿನ್ ಹೋದಷ್ಟೂ ಯಂತ್ರದ ತಪ್ಪೆಂದುಕೊಂಡು ಅರವತ್ತೆರಡು ರೋಗಿಗಳ ಸಂಖ್ಯೆಯನ್ನು ಮೇಲಕ್ಕೆತ್ತಿದೆವು. ನೀನು ಬರೆದ 9.8ನ್ನು ಹಿಂದಕ್ಕೆ ಲೆಕ್ಕ ಹಾಕಿದೆ. 8.6. ಹೋದ ಜುಲೈನ ಸ್ಕ್ಯಾನಿನಲ್ಲೇ 9.2 ಇತ್ತು, ಅಂದೇ ನಿನಗೆ ಮದ್ದು ಬದಲಾಯಿಸಬೇಕಿತ್ತು. ನಿನ್ನ ಕಾಲು ಸುಳ್ಳು ಹೇಳಲಿಲ್ಲ.

ಇದನ್ನು ತಿಳಿದುಕೊಂಡೇ ಮಾರ್ಚ್ ಆರರ ಕಾಗದ ಬರೆದೆ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಹೇಳಿದರೆ ನಾನು ರೋಗಿಯಾಗುತ್ತೇನೆ, ಹೇಳದಿರುವವರೆಗೆ ಓಡಾಡುವ ತಲೆ. ಏಳು ವಾರ ಇದೇ ಲೆಕ್ಕದಲ್ಲಿ ಕಳೆದೆ. ಈ ನಡುವೆ ಇನ್ನೊಮ್ಮೆ ನಾಲ್ಕೂ ಕಡೆ ಹೋಗಿ ಮಲಗಿ ಬಂದೆ. ಮೇಷ್ಟ್ರು ಇನ್ನೊಮ್ಮೆ ಸಂಖ್ಯೆ ಎತ್ತಿದರು. ನೋಡುತ್ತ ನಿಂತಿದ್ದೆ.

ತುಂಬ ದಣಿದಿದ್ದೇನೆ. ಏನು ಮಾಡಲಿ ಎಂದು ನಿನ್ನನ್ನು ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ತಮ್ಮ

ಏಪ್ರಿಲ್ 24

ತಮ್ಮನಿಗೆ,

ನಿನಗೂ ಇದೆ ಎಂದು ಬರೆದಿದ್ದಲ್ಲಿಗೆ ಬಂದಾಗ ಕಾಗದ ಹಿಡಿದುಕೊಂಡೇ ಅತ್ತೆ. ನಿನ್ನ ಭಾವ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂತರು. ನಿನ್ನನ್ನು ಎತ್ತಿ ಆಡಿಸಿದ ಕೈ ಇದು. ನನಗೊಬ್ಬಳಿಗೆ ಬಂದದ್ದು ಸಾಲಲಿಲ್ಲವೇ ಅನ್ನಿಸಿತು.

ಮುಂದಕ್ಕೆ ಓದಿ, ಏಳು ವಾರ ಎಂಬಲ್ಲಿಗೆ ಬಂದು ಕಾಗದ ಮಡಚಿಟ್ಟೆ. ಎರಡು ದಿನ ಮುಟ್ಟಲಿಲ್ಲ.

ಗೊತ್ತಿಲ್ಲದಾಗ ಆದದ್ದಕ್ಕೆ ನಿನ್ನನ್ನು ಒಂದು ಮಾತೂ ಅನ್ನುವುದಿಲ್ಲ. ಯಾರಿಗೆ ತಾನೇ ಹೊಳೆಯುತ್ತಿತ್ತು. ಆದರೆ ಗೊತ್ತಾದ ಮೇಲೆ ಏಳು ವಾರ. ಮಾರ್ಚ್ ಹದಿನಾಲ್ಕರಂದು ನಾನು ಮೆಟ್ಟಿಲಲ್ಲಿ ಬಿದ್ದೆ, ಅದು ನಿನ್ನ ಏಳು ವಾರದೊಳಗೆ ಇದೆ. ನನಗೇ ನನ್ನ ಮೇಲೆ ಅನುಮಾನ ಎಂದು ಬರೆದಾಗ ಅದನ್ನು ಓದಿ ನೀನು ಪೆಟ್ಟಿಗೆಯಲ್ಲಿಟ್ಟೆಯೋ, ಜೇಬಿನಲ್ಲಿಟ್ಟೆಯೋ? ಮನಸ್ಸಿನ ಡಾಕ್ಟರ ಮುಂದೆ ಎರಡು ಸಲ ಹೋಗಿ ಕೂತು ಬಂದೆ ಕಣೋ. ನಾನೇ ಕಾಲು ಎಳೆಯುತ್ತಿರಬಹುದು ಎಂದು ಬಾಯಿಬಿಟ್ಟು ಒಪ್ಪಿಕೊಂಡು ಬಂದೆ. ನೀನು ಮಾತ್ರ ಬಲವಾಗಿ ಕೇಳು, ತಡ ಮಾಡಬೇಡ ಎಂದು ಬುದ್ಧಿ ಹೇಳುತ್ತಿದ್ದೆ. ತಡ ಮಾಡುತ್ತಿದ್ದವನು ನೀನು.

ಇನ್ನು ಅರವತ್ತೊಂದು ಜನ ಇದ್ದಾರಲ್ಲ, ಅವರಿಗೆ ಪೋಸ್ಟಿನಲ್ಲಿ ವಿಷಯ ತಿಳಿಸುವ ತಮ್ಮನೂ ಇಲ್ಲ. ಅವರಲ್ಲಿ ಎಷ್ಟು ಜನ ತಮ್ಮ ಕಾಲನ್ನೇ ಬೈದುಕೊಂಡು ಮಲಗುತ್ತಿದ್ದಾರೋ.

ಏನು ಮಾಡಲಿ ಎಂದು ಕೇಳಿದೆ. ಸೋಮವಾರ ಬೆಳಿಗ್ಗೆ ಮೇಷ್ಟ್ರ ಕೋಣೆಗೆ ಹೋಗು, ಆ ಚಿತ್ರ ತೆರೆದು ತೋರಿಸು. ಪೀಠಿಕೆ ಬೇಡ. ನಾನೇ ನಮ್ಮ ಡಾಕ್ಟರಿಗೆ ಹೇಳಬಹುದು, ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟರೆ ನಾಳೆಯೇ ನನಗೆ ಮದ್ದು ಸಿಗುತ್ತದೆ. ನಿನ್ನ ಭಾವ ಹಾಗೇ ಮಾಡು ಅಂದರು. ಸೋಮವಾರದವರೆಗೆ ಮಾಡುವುದಿಲ್ಲ. ನಾನು ಹೇಳಿದರೆ ನೀನು ಸಿಕ್ಕಿಬಿದ್ದವನಾಗುತ್ತೀಯ. ನೀನಾಗಿಯೇ ಹೇಳಿದರೆ ಆಮೇಲೆ ತಲೆ ಎತ್ತಿಕೊಂಡು ಚಿಕಿತ್ಸೆಗೆ ಹೋಗಬಹುದು. ನನ್ನ ಕಾಲಿನಿಂದ ಇನ್ನೂ ನಾಲ್ಕು ದಿನ ತೆಗೆದು ನಿನಗೆ ಕೊಡುತ್ತಿದ್ದೇನೆ. ಮಂಗಳವಾರ ನಾನೇ ಹೋಗುತ್ತೇನೆ.

ಈ ಕಾಗದವನ್ನು ಈಗಲೇ ಹೋಗಿ ಡಬ್ಬಿಗೆ ಹಾಕುತ್ತೇನೆ.

ಅಕ್ಕ

ಮೇ 17

ಅಕ್ಕ,

ಸೋಮವಾರ ಹೇಳಿದ್ದು ನಿನಗೆ ಅಷ್ಟೊತ್ತಿಗೇ ತಿಳಿದಿರಬೇಕು, ಅಂದು ಸಂಜೆಯೇ ನಿಮ್ಮ ಡಾಕ್ಟರಿಗೂ ಫೋನ್ ಹೋಯಿತು. ಉಳಿದದ್ದನ್ನು ಬರೆಯುತ್ತೇನೆ.

ಚಿತ್ರ ತೆರೆದೆ. ಮೇಷ್ಟ್ರು, "ಯಾವ ರೋಗಿದು ಇದು?" ಎಂದರು. ನನ್ನದು ಎಂದೆ. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಸೀಸೆಯ ಅಳತೆಗಳ ಕಡತ ತೆರೆದರು. ಬೈಯುತ್ತಾರೆ ಎಂದುಕೊಂಡೆ. "ಸೀಸೆ ಸರಿಯಾಗೇ ಹೇಳ್ತಿತ್ತಲ್ಲಯ್ಯಾ. ನಾವೇ ಅದನ್ನ ನಂಬ್ಲಿಲ್ಲ" ಎಂದರು. ಎದ್ದು ಹೋಗಿ ನೀರು ತಂದುಕೊಟ್ಟರು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ಮಾರ್ಚ್ ನಾಲ್ಕು ಎಂದೆ. ಆಗ ಅವರ ಮುಖ ಬದಲಾಯಿತು. ಆಮೇಲಿನಿಂದ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಿಲ್ಲ. ಅವರದು ತಪ್ಪೆಂದು ನಾನು ಹೇಳುವುದಿಲ್ಲ.

ಅರವತ್ತೆರಡು ಜನರ ಸಂಖ್ಯೆಯನ್ನೂ ಎತ್ತುವ ಮೊದಲಿನ ಅಳತೆಗೆ ತಂದರು. ಹತ್ತೊಂಬತ್ತು ಜನರದು ಇಳಿದಿದೆ. ಹೊಸ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಬರೆಯಲಿದ್ದ ವರದಿ ನಿಂತಿತು. ಇನ್ನು ಮುಂದೆ ಐದು ತಲೆಗಳಂತೆ, ಪ್ರತಿ ಚಿತ್ರವನ್ನೂ ಡಾಕ್ಟರು ನೋಡಬೇಕಂತೆ. ವಿಚಾರಣೆ ಮುಗಿಯುವವರೆಗೆ ನನಗೆ ಯಂತ್ರದ ಕೋಣೆಗೆ ಪ್ರವೇಶವಿಲ್ಲ. ಕಡತ ಜೋಡಿಸುವ ಕೆಲಸ ಕೊಟ್ಟಿದ್ದಾರೆ. ಬಲಗೈಯಲ್ಲಿ ಕಾಗದ ಜಾರುತ್ತದೆ.

ನಮ್ಮ ಆಸ್ಪತ್ರೆಯ ಡಾಕ್ಟರೇ ನನ್ನನ್ನು ನೋಡಿದರು. ರೋಗಿಗಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡೆ. ಎರಡು ವರ್ಷದ ಮೇಲೆ ಆ ಕಟ್ಟಡದಲ್ಲಿ ನನ್ನ ಹೆಸರನ್ನು ಯಾರೋ ಪೂರ್ತಿಯಾಗಿ ಬರೆದುಕೊಂಡರು. ಜೂನ್ ಹನ್ನೆರಡರ ಬುಧವಾರ ಹತ್ತು ಗಂಟೆಗೆ ಬೆನ್ನುಹುರಿಯ ಸ್ಕ್ಯಾನ್.

ಬಾಗಿಲು ತಟ್ಟುವುದಿಲ್ಲ, ಯಾಕೆಂದು ಕೇಳುವುದಿಲ್ಲ ಅಂದಿದ್ದೆಯಲ್ಲ. ರೋಗಿಗಳನ್ನು ಭೇಟಿಯಾಗಬಾರದು ಎಂಬ ನಿಯಮವಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಂಥ ನಿಯಮವಿಲ್ಲ. ಒಂದು ಸಲ ಬಸ್ ನಿಲ್ದಾಣದಿಂದ ನೀನು ರಸ್ತೆ ದಾಟುವುದನ್ನು ನೋಡಿದೆ, ಕೈಯಲ್ಲಿ ತರಕಾರಿ ಚೀಲ ಇತ್ತು. ನೀನು ನಡೆಯುವುದನ್ನು ನೋಡಲಾಗಲಿಲ್ಲ. ಮುಖ ತಿರುಗಿಸಿ ಬಸ್ಸು ಹತ್ತಿದೆ. ನಿನ್ನ ಸಂಖ್ಯೆ ಚೆನ್ನಾಗಿದೆ ಎಂದು ಅಷ್ಟು ಬೇಗ ನಂಬಿದ್ದು ಅದಕ್ಕೇ ಇರಬೇಕು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಏನಾದರೂ ಹೇಳಬೇಕಾಗುತ್ತದೆ.

ತಮ್ಮ

ಜೂನ್ 8

ಗೂಬೆಗೆ,

ಮೂರು ವಾರ ಬರೆಯಲಿಲ್ಲ. ಮುನಿಸಿಗಲ್ಲ, ಮದ್ದು ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಕೂರಿಸಿ ಕೈಗೆ ಸೂಜಿ ಚುಚ್ಚಿದರೆ ಮಧ್ಯಾಹ್ನ ಮೂರಕ್ಕೆ ಬಿಡುತ್ತಾರೆ. ಮನೆಗೆ ಬಂದು ಎರಡು ದಿನ ಬಟ್ಟೆ ಹಿಂಡಿಹಾಕಿದಂತೆ ಬಿದ್ದಿರುತ್ತೇನೆ. ನಿನ್ನ ಭಾವ ಅಡುಗೆ ಮಾಡುತ್ತಾರೆ, ಬಾಯಿಗಿಡುವ ಹಾಗಿಲ್ಲ, ಚೆನ್ನಾಗಿದೆ ಎಂದು ತಿನ್ನುತ್ತೇನೆ.

ಡಾಕ್ಟರು ಮೊದಲ ದಿನ ನನ್ನ ಎದುರು ಕೂತು, "ನಿಮ್ಮ ಮಾತು ನಾನು ಕೇಳ್ಬೇಕಿತ್ತು" ಎಂದರು. ಅಷ್ಟು ದೊಡ್ಡ ಮನುಷ್ಯ ತಲೆ ತಗ್ಗಿಸಿಕೊಂಡಿದ್ದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಂತೋಷವಾಯಿತು. 8.6 ಎಂದು ಅವರ ಬಾಯಿಂದ ಕೇಳಿ ಯಾರೋ ಹೆಗಲ ಮೇಲಿಂದ ಮೂಟೆ ಇಳಿಸಿದಂತಾಯಿತು. ಕಾಯಿಲೆ ಜಾಸ್ತಿಯಾಗಿದೆ ಎಂದು ತಿಳಿದು ಖುಷಿಪಟ್ಟವಳು ಊರಿನಲ್ಲಿ ನಾನೊಬ್ಬಳೇ ಇರಬೇಕು. ದೊಡ್ಡ ಗುಮಾಸ್ತರು ಕೆಳಗಡೆ, ಕಿಟಕಿಯ ಹತ್ತಿರ ಮೇಜು ಹಾಕಿಸಿಕೊಟ್ಟಿದ್ದಾರೆ. ಮನೆಗೆ ಬಂದ ಮೇಲೆ ನೆನಪಾಯಿತು, ನನ್ನ ಮಾತು ನಿಜವಾದದ್ದು ನಿನ್ನ ತಲೆ ಕೆಟ್ಟದ್ದರಿಂದ. ಆಮೇಲೆ ಆ ಸಂತೋಷ ಹತ್ತಿರ ಸುಳಿಯಲಿಲ್ಲ.

ಮದ್ದು ಇನ್ನು ಮುಂದೆ ಹೋಗುವುದನ್ನು ತಡೆಯಬಹುದಂತೆ. ಹೋದದ್ದು ಹೋಯಿತು. ಎಡಗಾಲು ಇಷ್ಟೇ, ಕೋಲು ಹಿಡಿಯುವುದನ್ನು ಕಲಿಯಿರಿ ಎಂದರು. ಜುಲೈನಿಂದ ಎಣಿಸಿದರೆ ಹನ್ನೊಂದು ತಿಂಗಳು. ಅದರಲ್ಲಿ ಒಂಬತ್ತೂವರೆ ಯಾರ ತಪ್ಪೂ ಅಲ್ಲ. ಉಳಿದ ಏಳು ವಾರ ನಿನ್ನದು. ಅದರಲ್ಲಿ ಎಷ್ಟು ಹೋಯಿತು ಎಂದು ಯಾವ ಯಂತ್ರವೂ ಹೇಳಲಾರದು, ನೀನೂ ಲೆಕ್ಕ ಹಾಕಲು ಕೂರಬೇಡ. ಕೋಲು ಊರಿ ಏಳುವಾಗಲೆಲ್ಲ ನಿನ್ನ ಮೇಲೆ ಕೋಪ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ ಏಳುತ್ತೇನೆ. ಇದು ಬೇಗ ಹೋಗುವ ಕೋಪವಲ್ಲ, ಹೋಗಿದೆ ಎಂದು ಬರೆದು ನಿನ್ನನ್ನು ಸಮಾಧಾನ ಮಾಡಲಾರೆ.

ಹನ್ನೆರಡರ ಬುಧವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಬೇಡ ಎಂದು ಫೋನ್ ಮಾಡಬೇಡ, ಎತ್ತುವುದಿಲ್ಲ. ನಿನ್ನ ಭಾವ ಬಸ್ಸು ಹತ್ತಿಸುತ್ತಾರೆ, ಅಲ್ಲಿ ಇಳಿಯುವುದನ್ನು ನಾನು ನೋಡಿಕೊಳ್ಳುತ್ತೇನೆ. ಎಪ್ಪತ್ತಕ್ಕೂ ಹೆಚ್ಚು ಸಲ ಅದರೊಳಗೆ ಹೋಗಿ ಬಂದಿದ್ದೀಯ, ಒಂದು ಸಲವಾದರೂ ನಿನಗಾಗಿ ಹೊರಗೆ ಯಾರಾದರೂ ಕೂತಿದ್ದರೇ? ನಾನು ಕೂತಿರುತ್ತೇನೆ.

ಮುಗಿದ ಮೇಲೆ ಬಟ್ಟೆ ಹಾಕಿಕೊಂಡು ಆಚೆ ಬಾ. ಗೋಡೆ ಹಿಡಿಯಬೇಡ, ನನಗಾಗಿ ನೆಟ್ಟಗೆ ನಡೆಯಲೂ ನೋಡಬೇಡ. ಕಾಲು ಹೇಗೆ ಬರುತ್ತದೋ ಹಾಗೆ, ನಾನು ಕೂತಿರುವ ಬೆಂಚಿನವರೆಗೆ ನಡೆದುಕೊಂಡು ಬಾ. ನಾನು ಮುಖ ತಿರುಗಿಸುವುದಿಲ್ಲ.

ಅಕ್ಕ